ಮೂರು ಪರಲೋಕ ಮಂತ್ರ

ಜಾಲಹಳ್ಳಿ
12 ಮಾರ್ಚ್ 2009

ಪೂಜ್ಯ ಸ್ವಾಮಿಯವರಿಗೆ ಜೋಜಪ್ಪನ ಸ್ತೋತ್ರ.

ಆರು ವರ್ಷದಿಂದ ಈಸ್ಟರಿಗೆ ಮುಂಚಿನ ಪ್ರತಿ ತಪಸ್ಸುಕಾಲದಲ್ಲೂ ಚರ್ಚಿಗೆ ಪಾಪನಿವೇದನೆಗೆ ಬಂದು, ಒಂದು ಸುಳ್ಳು ಹೇಳಿದ್ದೇನೆ ಎಂದಷ್ಟೇ ಹೇಳುತ್ತೇನೆ. ನೀವೂ "ದೇವ್ರಿಗೆ ತಾಳ್ಮೆ ಜಾಸ್ತಿ ಕಣಪ್ಪ, ಮೂರು ಪರಲೋಕ ಮಂತ್ರ ಹೇಳ್ಕೊಂಡು ಹೋಗು" ಅನ್ನುತ್ತೀರಿ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಮೂರು ಸಲ ಹೇಳಿಕೊಂಡು ಹೋಗುತ್ತೇನೆ. ಆ ತಾಳ್ಮೆಯನ್ನೇ ನೆಚ್ಚಿಕೊಂಡು ಇಷ್ಟು ವರ್ಷ ತಳ್ಳಿದೆ. ಸಾಕಾಗಿದೆ, ಸ್ವಾಮಿ.

ಆ ಸುಳ್ಳು ಇದು. ಪೀಣ್ಯದ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಕೆಲಸ ಬೇಗ ಸಾಗಲಿ ಎಂದು ಪ್ರೆಸ್ ಯಂತ್ರಕ್ಕೆ ಕೈ ಸಿಗದಂತೆ ತಡೆಯುವ ಗಾರ್ಡ್ ಬಿಚ್ಚಿದವನು ನಾನು. ಅದರಲ್ಲಿ ಕೆಲಸ ಮಾಡುತ್ತಿದ್ದ ಇನ್ನಾಸಪ್ಪನ ಮೂರು ಬೆರಳು ಹೋದವು. ವಿಚಾರಣೆಯಲ್ಲಿ, ಗಾರ್ಡ್ ಬಿಚ್ಚಿದ್ದು ಅವನೇ ಎಂದೆ. ಅವನ ಕೆಲಸವೂ ಹೋಯಿತು.

ನಿಜ ಏನೆಂದು ಅವನಿಗೆ ಗೊತ್ತು. ಆದರೂ ಪ್ರತಿ ಭಾನುವಾರ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದು ನೀವು ಹೇಳಿದಾಗ, ಮುಂದಿನ ಬೆಂಚಿನಿಂದ ತಿರುಗಿ ನನಗೆ ಕೈ ಮುಗಿಯುತ್ತಾನೆ. ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ಎರಡು. ದೇವರ ತಾಳ್ಮೆಯನ್ನು ಹೇಗೋ ತಡೆದುಕೊಂಡೆ, ಇವನದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಶನಿವಾರ ಬರುತ್ತೇನೆ. ದಯವಿಟ್ಟು ಈ ಸಲ ಮಂತ್ರ ಹೇಳಿಸಿ ಕಳಿಸಬೇಡಿ. "ಮೊದ್ಲು ಇನ್ನಾಸಪ್ಪನ ಮನೆಗೆ ಹೋಗಿ ಬಾ" ಎಂದು ಗದರಿಸಿ. ನೀವು ಗದರಿಸದಿದ್ದರೆ ಈ ವರ್ಷವೂ ನಾನು ಹೋಗುವವನಲ್ಲ.

ಇಂತಿ,
ಎರಡನೇ ಬೆಂಚಿನ ಜೋಜಪ್ಪ