ಬಾಯಿ ತುಂಬ ನೀರು

ಜೂನ್ 9, ಬೆಳಿಗ್ಗೆ

ಗುಬ್ಬಿಯನ್ನು ಶಾಲೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ನನ್ನದೇ ಮಾತು. ಮೊಮ್ಮಗಳು ಮೂರನೇ ಕ್ಲಾಸು. ಉಗ್ಗು. ಒಂದು ಮಾತು ಹೊರಡಬೇಕಾದರೆ ತುಟಿ ನಡುಗುತ್ತದೆ, ಕತ್ತಿನ ನರ ಎದ್ದು ನಿಲ್ಲುತ್ತದೆ... ಅಷ್ಟರಲ್ಲಿ ಅವಳು ಹೇಳಬೇಕಾದ್ದನ್ನು ನಾನೇ ಹೇಳಿ ಮುಗಿಸಿರುತ್ತೇನೆ. ನೋಡಿಕೊಂಡು ಇರಲಾಗುವುದಿಲ್ಲ.

ಟೀಚರ್ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರು. ಗುಬ್ಬಿ ಕ್ಲಾಸಿನಲ್ಲಿ ಇದುವರೆಗೆ ಬಾಯಿ ಬಿಟ್ಟಿಲ್ಲ. ಊರಾಚೆಯ ಸ್ಪೆಷಲ್ ಶಾಲೆಗೆ ಹಾಕಿ ಎನ್ನುತ್ತಿದ್ದಾರಂತೆ ಹೆಡ್‌ಮಾಸ್ಟರ್. ಮುಂದಿನ ತಿಂಗಳು ಶಿಕ್ಷಣ ಇಲಾಖೆಯ ಆಫೀಸರ್ ಬಂದು ನೋಡಿ ತೀರ್ಮಾನ ಮಾಡುತ್ತಾರಂತೆ.

"ಅವಳಿಗೆ ಎಲ್ಲಾ ಗೊತ್ತು ತಾತ. ಟೈಮ್ ಬೇಕು, ಅಷ್ಟೇ."

"ಗೊತ್ತಿದ್ದ ಮೇಲೆ ಬಾಯಿ ಬಿಡೋಕೇನು ರೋಗ?"

ಟೀಚರ್ ಮುಖ ಗಂಟಿಕ್ಕಿತು. ನಾಳೆಯಿಂದ ಕ್ಲಾಸಿನಲ್ಲಿ ಬಂದು ಕೂರಬೇಕಂತೆ ನಾನು. ಮನೆಯವರೊಬ್ಬರು ಕಣ್ಣಿಗೆ ಬಿದ್ದರೆ ಮಗುವಿಗೆ ಧೈರ್ಯವಂತೆ. ಈ ವಯಸ್ಸಿಗೆ ಮೂರನೇ ಕ್ಲಾಸು!

ಜೂನ್ 10

ಹಿಂದಿನ ಬೆಂಚು. ಮಂಡಿ ಮಡಚಲು ಜಾಗವಿಲ್ಲ. ಟೀಚರ್ ಪ್ರಶ್ನೆ ಕೇಳುತ್ತಾರೆ, ಆಮೇಲೆ ಕೈಕಟ್ಟಿ ಸುಮ್ಮನೆ ನಿಲ್ಲುತ್ತಾರೆ. ಯಾರನ್ನೂ ಅವಸರಿಸುವುದಿಲ್ಲ. ಸೊಂಡಿಲಿನಿಂದ ನೀರು ಕುಡಿಯುವ ಪ್ರಾಣಿ ಯಾವುದು — ಇದಕ್ಕೂ ಕಾಯಬೇಕೆ? ಇಡೀ ಜೀವಮಾನ ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿದವನು ನಾನು. ಅಲ್ಲಿ ಕೂಗುವವನು ಒಂದು ಗಳಿಗೆ ಸುಮ್ಮನಾದರೆ ಮಾಲಿನ ಬೆಲೆ ಬಿತ್ತು ಎಂದೇ ಲೆಕ್ಕ.

"ಆನೆ!" ಎಂದು ಕೂಗಿಬಿಟ್ಟೆ.

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. "ತಾತಂಗೆ ಫುಲ್ ಮಾರ್ಕ್ಸ್. ಈಗ ಸ್ವಲ್ಪ ಹೊರಗೆ ನಿಂತಿರಿ," ಎಂದರು ಟೀಚರ್. ನಿಂತೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದು ಇಂಥದ್ದಕ್ಕೇ.

ಗುಬ್ಬಿ ಮಾತ್ರ ನಗಲಿಲ್ಲ. ಡೆಸ್ಕನ್ನೇ ನೋಡುತ್ತಿದ್ದಳು.

ಜೂನ್ 11

ಟೀಚರ್ ಕೊಟ್ಟ ಔಷಧಿ — ನೀರು.

"ಅವಳನ್ನ ಏನಾದ್ರೂ ಕೇಳಿ. ಕೇಳಿದ ತಕ್ಷಣ ಬಾಯಿ ತುಂಬ ನೀರು ತುಂಬ್ಕೊಳ್ಳಿ. ಅವಳ ಮಾತು ಮುಗಿಯೋವರೆಗೂ ನುಂಗಬೇಡಿ."

"ಉಗ್ಗು ಯಾರಿಗಮ್ಮಾ? ಅವಳಿಗಾ, ನನಗಾ?"

"ಕಾಯಿಲೆ ಇಬ್ರಿಗೂ ಇದೆ ತಾತ."

ಬಾಯಿ ಜೋರು ಹುಡುಗಿದು. ಇನ್ನೂ ಒಂದು ಹೇಳಿದರು: ನಾಳೆಯ ಪಾಠ ಇವತ್ತೇ ಮನೆಯಲ್ಲಿ ಇಬ್ಬರೂ ಜೊತೆಯಾಗಿ ಓದಬೇಕು. ದನಿಗೆ ದನಿ ಸೇರಿದರೆ ಉಗ್ಗು ಕಡಿಮೆಯಂತೆ. ತಪ್ಪಿದರೆ ತಿದ್ದಕೂಡದು. ತಿದ್ದದೆ ಇರಲು ನಾನೇನು ಕಲ್ಲೇ?

ಜೂನ್ 12, ಸಂಜೆ

ಇವತ್ತೇನು ಆಟ ಆಡಿದೆ ಎಂದು ಕೇಳಿ ನೀರು ತುಂಬಿಕೊಂಡೆ. ಅವಳು "ಕ... ಕ..." ಎನ್ನುತ್ತಿದ್ದಾಳೆ. ನನ್ನ ಕಣ್ಣು ಹೊರಗೆ ಬರುವುದೊಂದು ಬಾಕಿ. ಅಷ್ಟರಲ್ಲಿ ಮಗಳು ಫ್ಯಾಕ್ಟರಿ ಮುಗಿಸಿ ಬಂದಳು. "ಏನಪ್ಪಾ, ಹಲ್ಲು ನೋವಾ?" ನೀರೆಲ್ಲ ಮೂಗಿನಿಂದ ಬಂತು. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗುವಿಗೆ ಉಗ್ಗಿಲ್ಲ.

ಜೂನ್ 27

ಬರೆಯಲು ಪುರಸೊತ್ತಿರಲಿಲ್ಲ. ದಿನಾ ಓದು. ಗುಬ್ಬಿ ಇವತ್ತು ಒಂದು ಕಥೆಯನ್ನೇ ಹೇಳಿದಳು. ಕ್ಲಾಸಿನಲ್ಲಿ ಪಕ್ಕ ಕೂರುವ ಹುಡುಗಿಯ ಹಲ್ಲು ಬಿದ್ದು, ಅದನ್ನು ಹೆಡ್‌ಮಾಸ್ಟರ್ ಕುರ್ಚಿಯ ಮೇಲಿಟ್ಟು ಬಂದರಂತೆ. ಉಪಾಯ ಇವಳದೇ! ನನ್ನ ಬಾಯೊಳಗೆ ನೀರು ಬೆಚ್ಚಗಾಗಿತ್ತು. ಇಷ್ಟು ದಿನ ಒಂದೇ ಸೂರಿನಡಿ ಇದ್ದೇವೆ, ಇವಳು ಇಂಥ ಕಿಲಾಡಿ ಎಂದು ಗೊತ್ತೇ ಇರಲಿಲ್ಲ.

ಜುಲೈ 4

ಟೀಚರ್ ಆ ಹಲ್ಲು ಬಿದ್ದ ಬೋಡು ಹುಡುಗಿಯನ್ನೇ ಗುಬ್ಬಿಗೆ ಜೋಡಿ ಮಾಡಿದ್ದಾರೆ. ಇಬ್ಬರೂ ಒಟ್ಟಿಗೆ ಓದುತ್ತಿದ್ದರು. ನಡುವೆ ಆ ಹುಡುಗಿ ಮೆಲ್ಲಗೆ ದನಿ ಇಳಿಸಿದಳು — ಟೀಚರ್ ಹೇಳಿಕೊಟ್ಟಿದ್ದಾರೆ. ಗುಬ್ಬಿಗೆ ಗೊತ್ತೇ ಆಗಲಿಲ್ಲ. ಸಾಲು ಪೂರ್ತಿ ಒಬ್ಬಳೇ ಓದಿ ಮುಗಿಸಿದಳು. ಟೀಚರ್ ಕಣ್ಣಲ್ಲಿ ನೀರು. ನನಗೇನೂ ಆಗಲಿಲ್ಲ. ಮೂಗು ಒರೆಸಿಕೊಂಡೆ, ಅಷ್ಟೇ.

ಜುಲೈ 10

ನಾಳೆ ಆಫೀಸರ್. ಹಿಂದಿನ ಬೆಂಚಿನಲ್ಲಿ ನಾನು ಇರಲೇಬೇಕು, ಇಲ್ಲದಿದ್ದರೆ ಹೆದರುತ್ತಾಳೆ ಎಂದರು ಟೀಚರ್. ನೀರಿನ ಬಾಟಲಿ ಮರೆಯಬೇಡಿ ಎಂದರು. ಮಗಳದೂ ಅದೇ ರಾಗ. "ಅಪ್ಪಾ, ನಾಳೆ ಒಂದಿನ..."

"ಗೊತ್ತು ಬಿಡೇ. ನಾನೇನು ಎಳೆ ಮಗುವಾ?"

ಜುಲೈ 11, ಮಧ್ಯಾಹ್ನ

ಬಾಯಲ್ಲಿ ನೀರು ತುಂಬಿಕೊಂಡೇ ಕೂತಿದ್ದೆ. ಆಫೀಸರ್ ಒಳಗೆ ಬಂದವರೇ ನೆಟ್ಟಗೆ ನನ್ನ ಹತ್ತಿರ ಬಂದರು. "ನಮಸ್ಕಾರ ಯಜಮಾನ್ರೇ." ದೊಡ್ಡ ಮನುಷ್ಯರು. ಕೆನ್ನೆ ಊದಿಸಿಕೊಂಡು ಕೋತಿಯ ಹಾಗೆ ಕೂರಲೇ? ನುಂಗಿದೆ. "ನಮಸ್ಕಾರ ಸಾರ್." ಮತ್ತೆ ಅವರೆದುರಿಗೆ ಬಾಟಲಿ ಎತ್ತಲು ನಾಚಿಕೆಯಾಯಿತು. ಟೀಚರ್ ಕಣ್ಣಲ್ಲೇ ಬಾಟಲಿ ತೋರಿಸಿದರು. ಕಂಡೂ ಕಾಣದಂತಿದ್ದೆ.

ಗುಬ್ಬಿಯನ್ನು ನಿಲ್ಲಿಸಿದರು. ಪಾಠದಲ್ಲಿ ನಾಯಿ ಎಲ್ಲಿ ಅಡಗಿತ್ತು? ರಾತ್ರಿ ತಾನೇ ಇಬ್ಬರೂ ಓದಿದ್ದೆವು. ತುಟಿ ನಡುಗಿತು. ನರ ಎದ್ದಿತು. ಆಫೀಸರ್ ಗೋಡೆಯ ಗಡಿಯಾರ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು. ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡರು. ಮಾಲು ಕೈತಪ್ಪಿ ಹೋಗುತ್ತಿದೆ ಎಂದೇ ಕಂಡಿತು ನನಗೆ. "ಮಂ..." ಎಂದಳು ಗುಬ್ಬಿ.

"ಮಂಚದ ಕೆಳಗೆ!"

ಮಾರ್ಕೆಟ್ಟಿನ ದನಿ. ಕಿಟಕಿ ಅದುರಿತು.

ಗುಬ್ಬಿ ಬಾಯಿ ಮುಚ್ಚಿಕೊಂಡಳು. ಮುಂದಿನ ಯಾವ ಪ್ರಶ್ನೆಗೂ ತೆರೆಯಲಿಲ್ಲ. ಬೋಡು ಹುಡುಗಿ ಪಕ್ಕಕ್ಕೆ ಬಂದು ಓದಲು ಶುರು ಮಾಡಿದರೂ ಇಲ್ಲ.

"ಹೇಳ್ತಾ ಇದ್ಲು ಸಾರ್, ಶುರು ಮಾಡಿದ್ಲು," ಎಂದು ಟೀಚರ್ ಅಂಗಲಾಚಿದರು. "ಕೇಳಿಸಿದ್ದು ಯಜಮಾನ್ರ ದನಿ ಅಲ್ವೇನಮ್ಮಾ," ಎಂದು ಆಫೀಸರ್ ನಕ್ಕು ಬರೆದುಕೊಂಡರು. ಒಳ್ಳೆಯ ಮನುಷ್ಯರೇ. ಹೋಗುವಾಗ ನನ್ನ ಹೆಗಲು ತಟ್ಟಿದರು.

ಟೀಚರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಜುಲೈ 12

ಮಗಳು ಮಾತು ಬಿಟ್ಟಿದ್ದಾಳೆ.

ಜುಲೈ 30

ಸ್ಪೆಷಲ್ ಶಾಲೆಯ ವ್ಯಾನು ಬರುತ್ತದೆ, ಗುಬ್ಬಿ ಹತ್ತುತ್ತಾಳೆ. ಹಿಂತಿರುಗಿ ನೋಡುವುದಿಲ್ಲ. ಹೊಸ ಶಾಲೆಯಲ್ಲಿ ಚಿತ್ರದ ಕಾರ್ಡುಗಳನ್ನು ಕೊಟ್ಟಿದ್ದಾರೆ, ಕೊರಳಿಗೆ ನೇತುಹಾಕಿಕೊಳ್ಳುವುದು. ಲೋಟದ ಚಿತ್ರ ತೋರಿಸಿದರೆ ನೀರು. ತಟ್ಟೆ ತೋರಿಸಿದರೆ ಊಟ. ಅಲ್ಲಿ ಪಾಪ, ಮಾತೇ ಬಾರದ ಮಕ್ಕಳಿದ್ದಾರೆ, ಅವರಿಗೆ ಬೇಕಾದ್ದೇ. ಇವಳಿಗೆ ಯಾಕೆ? ಕೇಳಿದರೆ, "ಅವಳೂ ಮಾತಾಡಲ್ವಲ್ಲ," ಎನ್ನುತ್ತಾರೆ. ನಿಜವೇ. ಈಗ ಮನೆಯಲ್ಲೂ ಕಾರ್ಡೇ. ಇಬ್ಬರೂ ಒಟ್ಟಿಗೆ ಓದೋಣ ಎಂದು ಪುಸ್ತಕ ತೆಗೆದೆ. ನಾನೊಬ್ಬನೇ ಓದಿದೆ.

ಹಳೆಯ ಟೀಚರ್ ದಾರಿಯಲ್ಲಿ ಸಿಕ್ಕಿದ್ದರು. "ಬಿಡಬೇಡಿ ತಾತ," ಎಂದರು. ಏನನ್ನು ಎಂದು ಕೇಳುವಷ್ಟರಲ್ಲಿ ಬಸ್ಸು ಬಂತು.

ಆಗಸ್ಟ್ 8, ಸಂಜೆ

ಊಟದ ಹೊತ್ತಿಗೆ ಮಗಳು ಕೇಳಿದಳು, "ಅಲ್ಲಿ ಹೇಗಿದೆ ಪುಟ್ಟಾ, ಹಿಡಿಸ್ತಾ?" ನನ್ನನ್ನಲ್ಲ, ಗುಬ್ಬಿಯನ್ನು. ಹಿಡಿಸದೆ ಏನು, ಅಲ್ಲಿ ಬೈಯುವವರಿಲ್ಲ, ಆಡಲು ದೊಡ್ಡ ಬಯಲಿದೆ ಎಂದು ನಾನು ಶುರು ಮಾಡಿದೆ. ಗುಬ್ಬಿ ಕೈ ಒರೆಸಿಕೊಂಡು ಕಾರ್ಡುಗಳನ್ನು ಒಂದೊಂದಾಗಿ ತಿರುವಿದಳು. ಒಂದನ್ನು ಬಿಡಿಸಿ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. ತುಟಿಯ ಮೇಲೆ ಬೆರಳಿಟ್ಟುಕೊಂಡ ಮುಖ.

"ನನಗಾ?" ಎಂದೆ.

ಹೌದೆಂದು ತಲೆಯಾಡಿಸಿದಳು. ಕೋಪವೇನಿಲ್ಲ ಮುಖದಲ್ಲಿ. ಲೋಟ ತೋರಿಸಿ ನೀರು ಕೇಳುತ್ತಾಳಲ್ಲ, ಹಾಗೆ.

ಕಾರ್ಡು ಇನ್ನೂ ಅಲ್ಲೇ ಇದೆ. ಯಾರೂ ತೆಗೆದಿಲ್ಲ. ಆಚೆ ಕೋಣೆಯಲ್ಲಿ ಮಗಳು ಅವಳನ್ನು ಏನೋ ಕೇಳುತ್ತಿದ್ದಾಳೆ. ಕೇಳಿ ಸುಮ್ಮನಾದಳು. ಎಷ್ಟು ಹೊತ್ತು... ಒಂದು ಸದ್ದಿಲ್ಲ. ಉತ್ತರ ನನಗೆ ಗೊತ್ತು, ನಾಲಿಗೆಯ ತುದಿಗೇ ಬಂದಿದೆ. ನಾನು ಎದ್ದು —