ನಕ್ಷತ್ರಮೀನಿನ ಕೊಂಬೆ

ಮಾರ್ಚ್ ೪, ಸಂಜೆ

ಒಂಬತ್ತನೆಯ ಕೊಂಬೆಯೂ ಕೂತಿತು. ಸಂದಿನಲ್ಲಿ ಕೂದಲು ತೂರುವುದಿಲ್ಲ. ಪ್ರಾಣಿಗಳ ಬೊಂಬೆಗಳಿಗೆ ಬಣ್ಣ ಹಚ್ಚುವವನು ಬಂದು ಉಗುರು ಹಾಕಿ ನೋಡಿದ, ಏನೂ ಅನ್ನಲಿಲ್ಲ. ಅವನು ಸುಮ್ಮನಿದ್ದರೆ ಹೊಗಳಿದ ಹಾಗೆ.

ಮ್ಯೂಸಿಯಮ್ಮಿನ ಗೋಡೆ ತುಂಬ ಹನ್ನೆರಡು ಅಡಿಯ ಮರ. ಪ್ರಾಣಿಗಳ ವಂಶವೃಕ್ಷ. ಬುಡದಲ್ಲಿ ಸ್ಪಂಜು, ಲೋಳೆಮೀನು. ಮೇಲೆ ಒಂದು ದೊಡ್ಡ ಕವಲು. ಕವಲು ದಾಟಿದವರಿಗೆಲ್ಲ ಎಡ ಬಲ ಉಂಟು, ಹಿಂದು ಮುಂದು ಉಂಟು — ಎರೆಹುಳ, ಬಸವನಹುಳ, ಏಡಿ, ಜೇಡ, ಮೀನು, ಕಪ್ಪೆ, ನಾನು.

ಕೆತ್ತನೆ ನನ್ನದು, ಯಾರು ಎಲ್ಲಿ ಕೂರಬೇಕೆಂಬ ಲೆಕ್ಕ ಅಕ್ಕನ ಮಗಳದು. ಹುಳ ಓದಿ ಡಾಕ್ಟರ್ ಆದವಳು. ಜ್ವರಕ್ಕೆ ಮಾತ್ರೆ ಕೇಳಿದರೆ ಮುಖ ನೋಡುತ್ತಾಳೆ. ಮನೆಯಲ್ಲಿ ನಾವು ಕರೆಯುವುದು ಹುಳದಮ್ಮ ಎಂದೇ. ಇಲ್ಲಿ ಅವಳಿಗೆ ಒಂದು ವರ್ಷದ ಪ್ರೊಬೇಷನ್. ೨೧ಕ್ಕೆ ಹೊರಗಿನಿಂದ ಕಮಿಟಿ ಬಂದು ಈ ಹಾಲ್ ನೋಡುತ್ತದೆ. ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ.

ಅಕ್ಕ ಫೋನ್ ಮಾಡಿದ್ದಳು. ಊಟ ಆಯಿತಾ, ಮಂಡಿ ನೋವು ಹೇಗಿದೆ — ಅದೆಲ್ಲ ಇಲ್ಲ. ನೇರ ವಿಷಯಕ್ಕೆ.

“ಲೋ, ಅವಳು ಹೇಳಿದಷ್ಟು ಮಾಡು. ನಿನ್ನ ತಲೆ ಉಪಯೋಗಿಸಬೇಡ.”

ನಲವತ್ತು ವರ್ಷ ಉಳಿ ಹಿಡಿದವನಿಗೆ ಹೇಳುವ ಮಾತೇ ಇದು?

ಮಾರ್ಚ್ ೬, ಮಧ್ಯಾಹ್ನ

ಹುಳದಮ್ಮ ಇವತ್ತು ಪಾಠ ಹೇಳಿದಳು. ನಾನು ಹಳ್ಳಿ ಶಾಲೆಯಲ್ಲಿ ಏಳರವರೆಗೆ ಓದಿದವನು. ಏಳರಲ್ಲಿ ಇಡೀ ಶಾಲೆಗೆ ಮೊದಲು. (ಇದ್ದದ್ದು ನಾಲ್ಕು ಜನ. ಅದನ್ನು ಅವಳಿಗೆ ಹೇಳಿಲ್ಲ.)

ಕಾಗದದಲ್ಲಿ ಏಡಿ ಕತ್ತರಿಸಿ ಕೊಟ್ಟಳು. ನಡುವೆ ಮಡಿಸಿದರೆ ಎಡಭಾಗ ಬಲಭಾಗದ ಮೇಲೆ ಸರಿಯಾಗಿ ಕೂರುತ್ತದೆ. ಬೇರೆ ಹೇಗೆ ಮಡಿಸಿದರೂ ಕೂರುವುದಿಲ್ಲ. ಕವಲಿನ ಮೇಲಿನವರ ಗುರುತು ಅದು. ಲೋಳೆಮೀನು ರೊಟ್ಟಿಯ ಹಾಗೆ ಗುಂಡು, ಎಲ್ಲಿಂದ ಮಡಿಸಿದರೂ ನಡೆಯುತ್ತದೆ. ಹಾಗಾಗಿ ಕೆಳಗೆ.

ಕವಲಿನ ಮೇಲೂ ಪಂಗಡಗಳಿವೆ. ಪೊರೆ ಕಳಚುವವರದು ಒಂದು ಮನೆ — ಏಡಿ, ಜೇಡ, ಜಿರಳೆ. ಎರೆಹುಳ ಬಸವನಹುಳದ ಮನೆ ಇನ್ನೊಂದು. ನಮ್ಮದು ಮೂರನೆಯದು. ನಮ್ಮ ಮನೆಯ ಗುಟ್ಟು ಕೇಳಿ ನಗು ತಡೆಯಲಾಗಲಿಲ್ಲ. ಮೊಟ್ಟೆಯೊಳಗೆ ಉಂಡೆಯಂತಿರುವುದು ಒಂದು ಕಡೆ ಒಳಕ್ಕೆ ಕುಸಿದು ತೂತಾಗುತ್ತದೆ. ಏಡಿ ಎರೆಹುಳಗಳ ಕಡೆ ಬಹುಪಾಲು ಆ ಮೊದಲ ತೂತೇ ಬಾಯಿ. ನಮ್ಮ ಕಡೆ ಅದು ಹಿಂಬಾಗಿಲು. ಬಾಯಿ ಆಮೇಲೆ! ಎಲ್ಲದರಲ್ಲೂ ಹಾಗಲ್ಲ ಮಾವ, ಅಡ್ಡದಾರಿ ಹಿಡಿದವೂ ಬೇಕಾದಷ್ಟಿವೆ, ಎಂದಳು. ಇರಲಿ. ಎಷ್ಟೋ ಮನೆಗೆ ಬಾಗಿಲು ಕೂರಿಸಿದ್ದೇನೆ, ಹಿತ್ತಿಲ ಬಾಗಿಲಿನಿಂದ ಶುರು ಮಾಡಿದ ಮನೆ ಕಂಡಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮನೆಯವಳಿಗೂ ಹೇಳಬೇಕು.

ಮಾರ್ಚ್ ೭

ಹೇಳಿದೆ. “ಅದಕ್ಕೇ ಇರಬೇಕು, ತಡವಾಗಿ ಬಂದ ಬಾಯಿಗೆ ಬಡ್ಡಿ ಸೇರಿಸಿ ಮಾತಾಡ್ತೀರಿ” ಎಂದಳು.

ಮಾರ್ಚ್ ೧೦, ಬೆಳಿಗ್ಗೆ ಹತ್ತು

ಹುಳದಮ್ಮ ಊರಲ್ಲಿಲ್ಲ. ಕೊಂಬೆಗಳಿಗೆ ಹಾಕುವ ಹೆಸರುಪಟ್ಟಿಗಳ ಅಚ್ಚು ನೋಡಲು ಹೋಗಿದ್ದಾಳೆ, ಎರಡು ದಿನ. ಯಾವ ಪ್ರಾಣಿ ಎಲ್ಲಿ ಎಂದು ಕೊಂಬೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾಳೆ. ಎಲ್ಲವನ್ನೂ ಒಣಗೂಟದಲ್ಲಿ ನಿಲ್ಲಿಸು ಮಾವ, ನಾನು ಬಂದು ನೋಡುವವರೆಗೆ ಅಂಟು ಬೇಡ, ಎಂದು ಎರಡು ಸಲ ಹೇಳಿದಳು. ಒಂದು ಸಲ ಹೇಳಿದರೆ ಸಾಲದೇ?

ಹನ್ನೊಂದೂವರೆ

ತಪ್ಪು ಹಿಡಿದೆ.

ನಕ್ಷತ್ರಮೀನನ್ನು ನಮ್ಮ ಕೊಂಬೆಯ ಪಕ್ಕಕ್ಕೆ ಬರೆದಿದ್ದಾಳೆ! ಮೀನು, ಕಪ್ಪೆ, ಮನುಷ್ಯ — ಅದರ ಬಗಲಲ್ಲೇ ಅದು. ಐದು ಕಾಲು, ತಲೆ ಎಲ್ಲಿ ಬಾಲ ಎಲ್ಲಿ ಗೊತ್ತಿಲ್ಲ. ಬಣ್ಣದವನು ಹಲ್ಲು ಕಿಸಿದ. “ನಿಮ್ಮ ಹುಳದಮ್ಮ ನಿಮಗೆ ಒಳ್ಳೇ ದಾಯಾದಿ ಹುಡುಕಿದಾರೆ. ಮುಖ ಇಲ್ಲ, ಮಾತೂ ಇಲ್ಲ. ಮನೆಯಲ್ಲಿ ಸಮಾಧಾನ.”

ಅವನ ಮಾತಿಗೆ ನಾನು ಕುಣಿಯುವವನಲ್ಲ. ಕಾಗದ ತೆಗೆದುಕೊಂಡು ನಕ್ಷತ್ರಮೀನು ಕತ್ತರಿಸಿದೆ. ಮಡಿಸಿದೆ. ಐದು ಕಡೆಯಿಂದ ಮಡಿಸಿದರೂ ಕೂತಿತು! ಅವಳದೇ ನಿಯಮ. ಆ ನಿಯಮದ ಪ್ರಕಾರ ಇದರ ಜಾಗ ಕೆಳಗೆ, ಲೋಳೆಮೀನಿನ ಹತ್ತಿರ. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ ಪಾಪ, ಕೈತಪ್ಪಿ ಬರೆದಿದ್ದಾಳೆ. ಕಮಿಟಿಯವರು ಕಂಡಿದ್ದರೆ? ಸೋದರಮಾವ ಅಂತ ಒಬ್ಬ ಇರುವುದು ಯಾತಕ್ಕೆ?

ಸಂಜೆ ಐದು

ಮುಗಿಸಿದೆ. ಒಣಗೂಟ ಗಿಣಗೂಟ ಇಲ್ಲ. ನಕ್ಷತ್ರಮೀನಿನ ಕೊಂಬೆಯ ಬುಡವನ್ನು ನಾಲಿಗೆಯಂತೆ ಕೆತ್ತಿ, ಕವಲಿನ ಕೆಳಗೆ ಕಾಂಡದಲ್ಲಿ ಹಳ್ಳ ತೋಡಿ, ಅಂಟು ಹಚ್ಚಿ, ಒಳಗಿನಿಂದ ಬೆಣೆ ಬಿಗಿದೆ. ಮೇಲೆ ಅವಳು ಗುರುತು ಹಾಕಿದ್ದ ಜಾಗವನ್ನು ಉಜ್ಜಿ ಪಾಲಿಶ್ ಹೊಡೆದೆ. ಆನೆ ಕಟ್ಟಿ ಎಳೆದರೂ ಬರುವುದಿಲ್ಲ. ಇಂಥ ಕೀಲು ಜೀವಮಾನದಲ್ಲಿ ಮೂರೋ ನಾಲ್ಕೋ ಕೂರಿಸಿರಬಹುದು.

ಅವಳು ಬಂದು ಕಾಲಿಗೆ ಬೀಳುತ್ತಾಳೆ ನೋಡಿ.

ಮಾರ್ಚ್ ೧೨, ಮಧ್ಯಾಹ್ನ

ಬೀಳಲಿಲ್ಲ.

ಬಂದಳು. ಬ್ಯಾಗು ಹೆಗಲಲ್ಲೇ ಇತ್ತು. ಮರದ ಮುಂದೆ ನಿಂತಳು. ಕೈಯಿಂದ ಕೊಂಬೆ ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಅಲ್ಲಾಡುವುದಿಲ್ಲ ಕಣೇ, ಆನೆ ಕಟ್ಟಿದರೂ — ಎಂದು ಶುರು ಮಾಡಿದೆ. ಅವಳ ಮುಖ ನೋಡಿ ನಿಲ್ಲಿಸಿದೆ.

ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತು ಆಡಬಹುದಿತ್ತು. “ಬಾ ಮಾವ” ಎಂದಳು, ಅಷ್ಟೇ. ಒಳಗಿನ ಕೋಣೆಗೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಅದು ಕಂಡಿತು.

ಗಾಜಿನಲ್ಲಿ ಊದಿದಂಥ ಮರಿ. ನಡುವೆ ಹೊಟ್ಟೆ. ಅಂಚಿಗೆ ಸೀರೆಯ ಅಂಚಿನ ಹಾಗೆ ಗೆರೆ. ಎಡಕ್ಕೊಂದು ರೆಕ್ಕೆ, ಬಲಕ್ಕೊಂದು ರೆಕ್ಕೆ. ನಡುವೆ ದಾರ ಹಿಡಿದರೆ ಎರಡು ಕಡೆಯೂ ಸಮ. ಬೇರೆಲ್ಲೂ ಮಡಿಸಲು ಬರುವುದಿಲ್ಲ.

“ಯಾರ ಮಗು ಹೇಳು.”

ಯಾವುದೋ ಮೀನಿನದು ಎಂದೆ. ಏಡಿಯದು ಎಂದೆ.

“ನಕ್ಷತ್ರಮೀನಿಂದು. ಹುಟ್ಟೋವಾಗ ಹೀಗೇ ಇರುತ್ತೆ, ಮಾವ. ಬೆಳೆದ ಮೇಲೆ ಐದು ಕಾಲು. ಅದಕ್ಕೂ ಹಿಂಬಾಗಿಲೇ ಮೊದಲು, ನಮ್ಮ ಹಾಗೆ.”

ಕಣ್ಣು ತೆಗೆಯಲಾಗಲಿಲ್ಲ. ಎಷ್ಟು ಹೊತ್ತು ನೋಡಿದೆನೋ. ಇಷ್ಟು ಚಂದದ ಕೆಲಸ ಯಾವ ಬಡಗಿಯೂ ಮಾಡಿಲ್ಲ. ನಾನು ಸೇರಿ.

ಹೊರಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ೨೧ಕ್ಕೆ ಒಂಬತ್ತು ದಿನ ಇದೆ ಎಂದಳು, ನನಗಲ್ಲ, ಗೋಡೆಗೆ.

ಮಾರ್ಚ್ ೧೭

ಬರೆಯಲು ಪುರಸೊತ್ತಿಲ್ಲ. ಕೊಂಬೆ ಕಿತ್ತು ಬರುತ್ತಿಲ್ಲ. ಬೆಣೆ ಒಳಗಿದೆ, ಅಂಟು ಕಲ್ಲಾಗಿದೆ. ಬಿಸಿನೀರಿನ ಬಟ್ಟೆ ಕಟ್ಟಿದೆ, ಕೊಡತಿಯಲ್ಲಿ ತಟ್ಟಿದೆ. ನನ್ನ ಕೀಲಿನ ಮೇಲೆ ನನಗೇ ಕೋಪ. ಹೆಮ್ಮೆಯೂ ಇಲ್ಲ ಎಂದರೆ ಸುಳ್ಳು.

ಮಾರ್ಚ್ ೧೯, ಸಂಜೆ

ಬಂತು. ಬರುವಾಗ ಕಾಂಡದಿಂದ ಅಂಗೈಯಗಲ ಚಕ್ಕೆ ಕಿತ್ತುಕೊಂಡು ಬಂತು. ದೊಡ್ಡ ಕವಲಿನ ಕೆಳಗೇ. ಬಾಗಿಲಿನಿಂದ ಬಂದವರ ಕಣ್ಣು ಮೊದಲು ಹೋಗುವ ಜಾಗ.

ನಕ್ಷತ್ರಮೀನನ್ನು ಮೇಲೆ ಅದರ ಜಾಗದಲ್ಲಿ ಕೂರಿಸಿದೆ. ಒಣಗೂಟದಲ್ಲಿ. ಗಾಯಕ್ಕೆ ತೇಪೆ ಹಾಕಿದೆ. ಮರದ ಗೆರೆ ಹೊಂದಲಿಲ್ಲ, ಬಣ್ಣವೂ ಸ್ವಲ್ಪ ತಿಳಿ. ಬಣ್ಣದವನು ಮೂರು ಸಲ ಬಣ್ಣ ಬೆರೆಸಿದ. ಆದರೂ ಕಾಣುತ್ತದೆ.

ಡೈರೆಕ್ಟರ್ ಸಾಹೇಬರು ನೋಡಿ ಹೋದರು. ಇದೇನು ಎಂದು ಹುಳದಮ್ಮನನ್ನು ಕೇಳಿದರಂತೆ. ಕಮಿಟಿಗೆ ನಾನೇ ಉತ್ತರ ಕೊಡುತ್ತೇನೆ ಎಂದಳಂತೆ. ನನ್ನ ಹೆಸರು ಎತ್ತಿಲ್ಲ. ಬಣ್ಣದವನಿಂದ ಗೊತ್ತಾಯಿತು.

ಮಾರ್ಚ್ ೨೧, ಸಂಜೆ ನಾಲ್ಕು

ಬರೆದುಬಿಡುತ್ತೇನೆ, ಬಿಸಿ ಇರುವಾಗಲೇ.

ಮೂವರು ಬಂದಿದ್ದರು. ಇಬ್ಬರು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. ಮೂರನೆಯವರು ಬಿಳಿಕೂದಲಿನ ಮೇಡಂ, ಕುತ್ತಿಗೆಯಲ್ಲಿ ಭೂತಗನ್ನಡಿ. ಸೀದಾ ತೇಪೆಯ ಹತ್ತಿರ ಹೋದರು. ಬೆರಳಿಂದ ಅಂಚು ಸವರಿದರು. ಇಲ್ಲಿ ಏನಿತ್ತು ಎಂದು ಕೇಳಿದರು.

ಹುಳದಮ್ಮನ ಕಿವಿ ಕೆಂಪಾಯಿತು. ಕೆಲಸದ ಮೇಲುಸ್ತುವಾರಿ ನನ್ನದು, ನನ್ನಿಂದ ಲೋಪವಾಗಿದೆ, ಎಂದು ಶುರು ಮಾಡಿದಳು. ಡೈರೆಕ್ಟರ್ ಕಾಗದದ ಮೇಲೆ ಏನೋ ಬರೆದುಕೊಂಡರು.

ನಾನು ಏಣಿಯ ಹತ್ತಿರ ನಿಂತಿದ್ದೆ. ಬಡಗಿ ಮಾತಾಡುವ ಜಾಗವಲ್ಲ ಅದು. ತಪ್ಪು ಒಪ್ಪಿಕೊಂಡು ಅಭ್ಯಾಸವೂ ಇಲ್ಲ. ಮದುವೆಯಾಗಿ ಮೂವತ್ತೆರಡು ವರ್ಷವಾಯಿತು, ಮನೆಯವಳನ್ನು ಕೇಳಿ ಬೇಕಾದರೆ. ಆದರೆ ಆ ಪೆನ್ನು ಓಡುತ್ತಿತ್ತು.

“ಅವಳದಲ್ಲ ಮೇಡಂ. ನಂದು. ಅವಳು ಬರೆದಿಟ್ಟಿದ್ದು ಸರಿಯಾಗೇ ಇತ್ತು. ಅವಳಿಗಿಂತ ನನಗೆ ಹೆಚ್ಚು ಗೊತ್ತು ಅಂದ್ಕೊಂಡು ನಕ್ಷತ್ರಮೀನನ್ನ ಕೆಳಗೆ ಜಡಿದೆ.”

ಯಾಕೆ ಜಡಿದಿರಿ ಎಂದು ಕೇಳಿದರು. ಹೇಳಿದೆ. ಜೇಬಿನಲ್ಲೇ ಇದ್ದ ಕಾಗದದ ನಕ್ಷತ್ರಮೀನು ತೆಗೆದು ಮಡಿಸಿ ತೋರಿಸಿದೆ. ಬೆಳೆದವರ ಆಕಾರ ನೋಡಿ ಮೋಸ ಹೋದೆ, ಮರಿಯನ್ನು ನೋಡಿರಲಿಲ್ಲ, ಎಂದೆ. ಮರಿಗೆ ಎಡ ಬಲ ಉಂಟು ಎಂದೆ. ಹಿಂಬಾಗಿಲಿನ ವಿಷಯವನ್ನೂ ಹೇಳಿದೆ, ಹೆಂಗಸರ ಮುಂದೆ ಹೇಳಬಹುದಾದಷ್ಟು.

ಮೇಡಂ ನಗಲಿಲ್ಲ. ಹಾಗಾದರೆ ಎಡ ಬಲ ಇಟ್ಟುಕೊಂಡು ಹುಟ್ಟಿದ್ದು ಬೆಳೆದ ಮೇಲೆ ಐದು ಕಡೆ ಯಾಕಾಯಿತು ಎಂದು ನನ್ನನ್ನೇ ಕೇಳಿದರು.

ಏನಾದರೂ ಹೊಡೆದುಬಿಡಬಹುದಿತ್ತು. ನಾಲಿಗೆಯ ತುದಿಗೆ ಎರಡು ಉತ್ತರ ಬಂದಿದ್ದವು, ಎರಡೂ ಚೆನ್ನಾಗಿದ್ದವು.

“ನನಗೆ ಗೊತ್ತಿಲ್ಲ. ಅವಳನ್ನ ಕೇಳಿ.”

ಅವಳು ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಮಾತಾಡಿದಳು ನೋಡಿ! ಕಾಲು ಗಂಟೆ. ಕಾಗದ ಇಲ್ಲ, ತೊದಲಿಲ್ಲ. ಎಷ್ಟು ಗೊತ್ತು, ಎಲ್ಲಿಂದ ಮುಂದೆ ಯಾರಿಗೂ ಇನ್ನೂ ಗೊತ್ತಿಲ್ಲ, ಎಲ್ಲ ಬಿಡಿಸಿ ಹೇಳಿದಳು. ಅರ್ಧ ನನಗೆ ತಿಳಿಯಲಿಲ್ಲ. ತಿಳಿಯದ ಅರ್ಧಕ್ಕೇ ನನ್ನ ಎದೆ ಹೆಚ್ಚು ಉಬ್ಬಿತು. ಚಡ್ಡಿ ಹಾಕಿಕೊಂಡು ಹಿತ್ತಿಲಲ್ಲಿ ಎರೆಹುಳ ಎಣಿಸುತ್ತಿದ್ದ ಕೂಸು.

ಹೋಗುವಾಗ ಮೇಡಂ ತೇಪೆಯ ಕಡೆ ಕೈ ತೋರಿಸಿದರು. ಇದನ್ನು ಮುಚ್ಚಬೇಡಿ, ಪಕ್ಕಕ್ಕೆ ಒಂದು ಹೆಸರುಪಟ್ಟಿ ಹಾಕಿ, ಜನ ಮೊದಲು ಹೀಗೇ ಯೋಚಿಸುವುದು ಎಂದು ಗೊತ್ತಾಗಲಿ, ಎಂದರು. ಹುಳದಮ್ಮನ ವಿಷಯ ಏನೂ ಹೇಳಲಿಲ್ಲ.

ಏಪ್ರಿಲ್ ೨

ಕಮಿಟಿಯ ಕಾಗದ ಬಂದಿಲ್ಲ. ಅವಳು ದಿನಾ ಟಪಾಲಿನ ಬುಟ್ಟಿ ನೋಡುತ್ತಾಳೆ. ನೋಡದ ಹಾಗೆ ನಟಿಸುತ್ತಾಳೆ. ನಾನೂ.

ಏಪ್ರಿಲ್ ೯, ಬೆಳಿಗ್ಗೆ

ಕಾಯಂ! ಕಾಯಂ!

ಅಕ್ಕನ ಫೋನ್. ಅತ್ತಳು. ಅತ್ತು ಮುಗಿಸಿ, “ಏನೋ, ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆಯಂತೆ?” ಎಂದಳು. ಹ್ಞೂಂ ಎಂದೆ. ಹುಷಾರಾಗಿದ್ದೀಯ ತಾನೇ ಎಂದು ಕೇಳಿದಳು.

ಏಪ್ರಿಲ್ ೨೩, ಮಧ್ಯಾಹ್ನ ಮೂರು

ಹಾಲ್ ತೆರೆದು ವಾರವಾಯಿತು. ತೇಪೆಯ ಪಕ್ಕ ಹಿತ್ತಾಳೆಯ ಪಟ್ಟಿ ಬಂದಿದೆ. ‘ನಕ್ಷತ್ರಮೀನು ಮೊದಲು ಇಲ್ಲಿತ್ತು. ಕೂರಿಸಿದವರು ಈ ಮರದ ಬಡಗಿ. ಮೇಲಕ್ಕೆ ಸರಿಸಿದವರೂ ಅವರೇ.’ ಬರೆದದ್ದು ಹುಳದಮ್ಮ. ಇಡೀ ಮರದಲ್ಲಿ ನನ್ನ ಹೆಗ್ಗಳಿಕೆ ಬರೆದಿರುವುದು ಅದೊಂದೇ ಕಡೆ.

ಜನ ಮೇಲಿನ ಕೊಂಬೆಯ ಹುಲಿ ಬಿಟ್ಟು ಇಲ್ಲಿ ನಿಲ್ಲುತ್ತಾರೆ. ಏಣಿ ಇಟ್ಟುಕೊಂಡು ಏನೋ ಕೆಲಸವಿರುವವನ ಹಾಗೆ ಹತ್ತಿರದಲ್ಲೇ ಇರುತ್ತೇನೆ. ಯಾರ ತಪ್ಪು ಇದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇವತ್ತು ಇಷ್ಟು ಹೊತ್ತಿಗೆ ಹನ್ನೊಂದು ಸಲ ಹೇಳಿದೆ. ಒಂದೊಂದು ಸಲಕ್ಕೂ ಬೆಣೆ ಒಂದೊಂದು ಬೆರಳು ದಪ್ಪವಾಗುತ್ತಿದೆ ಎಂದು ಬಣ್ಣದವನ ದೂರು. ಆಗಲಿ. ಇಷ್ಟು ದೊಡ್ಡ ತಪ್ಪು ಈ ಊರಲ್ಲಿ ಬೇರೆ ಯಾವ ಬಡಗಿ ಮಾಡಿದ್ದಾನೆ?

ಒಂದು ಬಸ್ಸು ಬಂತು, ಶಾಲೆಯದು. ಟೀಚರಮ್ಮ ಪಟ್ಟಿಯ ಹತ್ತಿರ ಬಗ್ಗಿ ಓದುತ್ತಿದ್ದಾರೆ, ಸುತ್ತ ಯಾರನ್ನೋ ಹುಡುಕುತ್ತಿದ್ದಾ—