ನಿನ್ನ ನೀಲಿ ರೇಷ್ಮೆ

ಅಕ್ಕಾ,

ಇಲ್ಲೀಗ ಕಲಾವಾರ, ವಾರವಿಡೀ ಹಬ್ಬ. ಊರಿಗೆ ಊರೇ ಅರೆನಿದ್ದೆಯಲ್ಲಿ ಹಾಡಿಕೊಳ್ಳುತ್ತಿರುವಂತಿದೆ. ಟ್ರಾಮ್ ನಿಲ್ದಾಣದಲ್ಲಿ ಪಿಟೀಲು, ಗ್ರಂಥಾಲಯದ ಮೆಟ್ಟಿಲ ಮೇಲೆ ಕುಣಿತ, ಆಗಷ್ಟೇ ಚಿತ್ರ ಬರೆದ ಗೋಡೆಗೆ ಒರಗಿ ಬಣ್ಣವೆಲ್ಲ ನನ್ನ ತೋಳಿನಲ್ಲಿ.

ನಿನ್ನೆ ನಮ್ಮ ನಾಟಕವಿತ್ತು. ಇಷ್ಟು ವರ್ಷ ಸೂಜಿ ಹಿಡಿದು ಪರದೆಯ ಹಿಂದೆಯೇ ನಿಂತ ನನ್ನನ್ನು ನಿರ್ದೇಶಕರು ಮೊದಲ ಸಾಲಿನಲ್ಲಿ ಕೂರಿಸಿದರು. ಭಾವ ಹೋದ ಮೇಲೆ "ಇನ್ನು ನನಗ್ಯಾಕೆ ಇದು, ತಗೊಂಡ್ಹೋಗು" ಅಂತ ಕೊಟ್ಟೆಯಲ್ಲ, ಆ ನೀಲಿ ರೇಷ್ಮೆಯಲ್ಲೇ ರಾಣಿಯ ನಿಲುವಂಗಿ ಹೊಲಿದಿದ್ದೆ. ರಾಣಿ ರಂಗದಿಂದಿಳಿದು ಜನರ ನಡುವೆ ನಡೆದು ಬಂದಳು. ರೇಷ್ಮೆ ಅವಳ ಹಿಂದೆ ನೀರಿನ ಹಾಗೆ ಹರಿದು ಬಂತು. ಅಂಚಿನಲ್ಲೊಂದು ದಾರ ನೇತಾಡುತ್ತಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! ಮಂಡಿಯೂರಿ ಹಲ್ಲಿನಿಂದ ಕಡಿದೇಬಿಟ್ಟೆ. ಇದೂ ನಾಟಕವೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ರಾಣಿಯೂ ಗಟ್ಟಿಗಿತ್ತಿ, ಹರಸುವವಳಂತೆ ನನ್ನ ತಲೆ ಸವರಿ ಮುಂದೆ ಹೋದಳು.

ನಾಚಿ ಮುದ್ದೆಯಾಗಿ ಬಂದು ಕೂತರೆ ಪಕ್ಕದ ಅಜ್ಜಿ ಕಿವಿಯಲ್ಲಿ, "ಆ ರೇಷ್ಮೆ ನಿಜವಾದ ರಾಣೀದೇ ಇರ್ಬೇಕು ಕಣಮ್ಮ" ಅಂದರು.

"ಹೌದಜ್ಜಿ, ನಮ್ಮಕ್ಕಂದು" ಅಂದೆ.

ನನ್ನ ಕೆಮ್ಮು ಬಿಟ್ಟಿದೆ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು, ಇಸ್ತ್ರಿಪೆಟ್ಟಿಗೆ ಕಾದು ಕೂತಿದೆ. ರೇಷ್ಮೆಯಲ್ಲಿ ಇನ್ನೊಂದು ದೊಡ್ಡ ತುಂಡು ಮಿಕ್ಕಿದೆ. ಊರಿಗೆ ಬಂದವಳೇ ನಿನ್ನ ಅಳತೆ ತೆಗೆಯುತ್ತೇನೆ. "ನನಗ್ಯಾಕೆ" ಅಂದರೆ ನೋಡು, ಜಗಳವೇ.

ನಿನ್ನ ತಂಗಿ